ಕಾರಿಡಾರ್, ಟೆರೇಸ್, ಪಾರ್ಕಿಂಗ್ ಯಾರದ್ದು? ಅಪಾರ್ಟ್‌ಮೆಂಟ್‌ನ ಕಾಮನ್ ಏರಿಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಪಾರ್ಟ್‌ಮೆಂಟ್ ಜಗಳಗಳೆಲ್ಲ ಸಾಮಾನ್ಯವಾಗಿ ಹೊಸ್ತಿಲಾಚೆಯವು. ಚಪ್ಪಲಿ ಸ್ಟ್ಯಾಂಡು, ಟೆರೇಸಿನ ಬೀಗ, ಇನ್ನೊಬ್ಬರ ಜಾಗದಲ್ಲಿ ನಿಂತ ಕಾರು, ಲಿಫ್ಟಿನಲ್ಲಿ ನಾಯಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇನ್ನೂರು ಮೆಸೇಜು ಹರಿದಾಡಿದ ಮೇಲೂ ಸೇಲ್ ಡೀಡ್‌ನಲ್ಲಿ ಏನು ಬರೆದಿದೆ ಅಂತ ಒಬ್ಬರೂ ತೆಗೆದು ನೋಡಿರುವುದಿಲ್ಲ. ಇಲ್ಲಿರುವ ಉತ್ತರಗಳು ಕರ್ನಾಟಕದ ಕಾನೂನಿಗೆ ಸಂಬಂಧಿಸಿದವು, ಹೆಚ್ಚಾಗಿ ಬೆಂಗಳೂರಿನ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಕಾಮನ್ ಏರಿಯಾ ಅಂದರೆ ಯಾವ್ಯಾವುದು?

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಉದ್ದದ ಪಟ್ಟಿಯನ್ನೇ ಕೊಟ್ಟಿದೆ. ಕಟ್ಟಡ ನಿಂತಿರುವ ನೆಲ, ಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಛಾವಣಿ, ಕಾರಿಡಾರ್, ಲಾಬಿ, ಮೆಟ್ಟಿಲು, ಬೆಂಕಿ ಬಿದ್ದಾಗ ಇಳಿಯುವ ದಾರಿ, ಒಳಬರುವ ಹೊರಹೋಗುವ ಬಾಗಿಲುಗಳು, ಬೇಸ್‌ಮೆಂಟ್, ಅಂಗಳ, ತೋಟ, ಪಾರ್ಕಿಂಗ್ ಜಾಗ, ಕಾವಲಿನವರ ಕೋಣೆ, ಲಿಫ್ಟು, ನೀರಿನ ಟ್ಯಾಂಕು, ಪಂಪು, ಮೋಟಾರು ಎಲ್ಲವೂ ಅದರಲ್ಲಿವೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಎಲ್ಲರೂ ಸಾಮಾನ್ಯವಾಗಿ ಬಳಸುವ ಜಾಗ, ಕಟ್ಟಡದ ಸುರಕ್ಷತೆಗೆ ಬೇಕಾದ ಭಾಗ ಕೂಡ ಕಾಮನ್ ಎಂದೇ ಕೊನೆಗೆ ಸೇರಿಸಿದ್ದಾರೆ. ಬಿಲ್ಡರ್‌ಗಳನ್ನು ನಿಯಂತ್ರಿಸುವ ಕೇಂದ್ರದ 2016ರ ರೇರಾ ಕಾಯ್ದೆಯಲ್ಲೂ ಇಂಥದ್ದೇ ಪಟ್ಟಿ ಇದೆ; ಅದರಲ್ಲಿ ಟೆರೇಸ್ ಮತ್ತು ಓಪನ್ ಪಾರ್ಕಿಂಗ್ ಎರಡನ್ನೂ ಹೆಸರು ಹಿಡಿದೇ ಹೇಳಿದ್ದಾರೆ.

ಇನ್ನೊಂದು ವರ್ಗವೂ ಇದೆ. ಎರಡು ಮೂರು ಮನೆಗಳ ಬಳಕೆಗಷ್ಟೇ ಮೀಸಲಿಟ್ಟ ಕಾಮನ್ ಜಾಗ, ಉದಾಹರಣೆಗೆ ಒಂದು ಬ್ಲಾಕಿನ ಎರಡು ಮನೆಗೆ ಸೇರಿದ ಸಣ್ಣ ಪ್ಯಾಸೇಜ್. ಆದರೆ ಹಾಗೆ ಮೀಸಲಿಟ್ಟದ್ದು ಡಿಕ್ಲರೇಷನ್ ಡೀಡ್‌ನಲ್ಲಿ, ಅಂದರೆ ಕಟ್ಟಡದಲ್ಲಿ ಯಾವುದು ಯಾರದ್ದು, ಯಾರ ಪಾಲೆಷ್ಟು ಎಂದು ನೋಂದಣಿ ಮಾಡಿಸಿದ ಘೋಷಣಾ ಪತ್ರದಲ್ಲಿ, ಬರೆದಿರಬೇಕು. ಬಿಲ್ಡರ್ ಬಾಯಲ್ಲಿ ಹೇಳಿದ್ದ ಅನ್ನುವುದು ನಡೆಯುವುದಿಲ್ಲ.

ಅದರಲ್ಲಿ ನನ್ನ ಪಾಲು ಎಷ್ಟು? ಅದನ್ನು ಬೇರೆ ಮಾಡಿಸಿಕೊಳ್ಳಬಹುದಾ?

ಸೇಲ್ ಡೀಡ್‌ನ ಶೆಡ್ಯೂಲ್ ನೋಡಿ. ಇಷ್ಟು ಚದರಡಿ ಅಥವಾ ಇಷ್ಟು ಶೇಕಡಾ ಅವಿಭಜಿತ ಹಕ್ಕು ಎಂದು ಇರುತ್ತದೆ. ಎಲ್ಲರೂ ಯುಡಿಎಸ್ ಅನ್ನುವುದು ಅದನ್ನೇ. 9,600 ಚದರಡಿ ಸೈಟಿನಲ್ಲಿ ಒಂದೇ ಅಳತೆಯ 24 ಮನೆ ಇದ್ದರೆ ತಲಾ 400 ಚದರಡಿ ಬರುತ್ತದೆ. ಆದರೆ ಆ 400 ಅಡಿ ಎಲ್ಲಿದೆ ಎಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಇಡೀ ಸೈಟಿನ ಪ್ರತಿ ಅಡಿಯಲ್ಲೂ ನಿಮ್ಮ ಪಾಲಿದೆ, ಪಕ್ಕದ ಮನೆಯವರ ಪಾಲೂ ಇದೆ. ಪಾಲು ಮಾಡಿಕೊಡಿ ಎಂದು ಕೋರ್ಟಿಗೆ ಹೋಗುವಂತಿಲ್ಲ, ಮನೆಯನ್ನು ಬಿಟ್ಟು ಯುಡಿಎಸ್ ಮಾತ್ರ ಮಾರುವಂತೆಯೂ ಇಲ್ಲ. 1972ರ ಕಾಯ್ದೆಯ 6ನೇ ಸೆಕ್ಷನ್ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಡಿಕ್ಲರೇಷನ್‌ನಲ್ಲಿ ನಿಗದಿಯಾದ ಶೇಕಡಾವಾರು ಪಾಲನ್ನು ಬದಲಿಸಲು ಎಲ್ಲ ಮಾಲೀಕರ ಒಪ್ಪಿಗೆ ಬೇಕು, ಬಹುಮತ ಸಾಲದು.

ಅದೇ ಸೆಕ್ಷನ್ನಿನ ಇನ್ನೊಂದು ಮಾತು ಈ ಪುಟದ ಅರ್ಧ ಪ್ರಶ್ನೆಗಳಿಗೆ ಉತ್ತರ: ಯಾವ ಉದ್ದೇಶಕ್ಕೆ ಆ ಜಾಗ ಇದೆಯೋ ಆ ಉದ್ದೇಶಕ್ಕೆ ಯಾರು ಬೇಕಾದರೂ ಬಳಸಬಹುದು, ಉಳಿದವರ ಹಕ್ಕಿಗೆ ಅಡ್ಡಿಯಾಗಬಾರದು ಅಷ್ಟೇ.

ನಮ್ಮನೆ ಬಾಗಿಲ ಮುಂದೆ ಚಪ್ಪಲಿ ಸ್ಟ್ಯಾಂಡ್, ತುಳಸಿ ಕುಂಡ ಇಡೋದೂ ತಪ್ಪಾ?

ಕಟ್ಟುನಿಟ್ಟಾಗಿ ನೋಡಿದರೆ ಕಾರಿಡಾರ್ ಇರುವುದು ಓಡಾಡಲು, ಸಾಮಾನು ಇಡಲು ಅಲ್ಲ. ಹಾಗಂತ ಹೊಸ್ತಿಲ ಮುಂದಿನ ರಂಗೋಲಿಗೂ ನೋಟಿಸ್ ಕೊಡುವ ಕಮಿಟಿಗೆ ಬೇರೆ ಕೆಲಸವಿಲ್ಲ ಎಂದೇ ಅರ್ಥ. ಸ್ಟ್ರೆಚರ್ ಹೋಗುತ್ತದೆಯೇ? ರಾತ್ರಿ ಕರೆಂಟ್ ಹೋಗಿ ಹೊಗೆ ತುಂಬಿದಾಗ ಎಡವದೆ ಇಬ್ಬರು ಅಕ್ಕಪಕ್ಕ ಓಡಬಹುದೇ? ಇವೆರಡಕ್ಕೂ ಹೌದು ಎಂದಾದರೆ ಗೋಡೆಗೆ ಒತ್ತಿದ ಸಣ್ಣ ಸ್ಟ್ಯಾಂಡಿಗೆ ಹೆಚ್ಚಿನ ಸಂಘಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಮೆಟ್ಟಿಲಿನ ತಿರುವಿನಲ್ಲಿ ಇಟ್ಟ ಹಳೆ ಸೋಫಾ, ಮಗುವಿನ ಸೈಕಲ್, ಗ್ಯಾಸ್ ಸಿಲಿಂಡರ್ ಹಾಗಲ್ಲ. ಅಲ್ಲಿ ರಿಯಾಯಿತಿ ಬೇಡ.

ಕಾರಿಡಾರ್‌ನ ತುದಿಯ ಮನೆಯವರು ಕಬ್ಬಿಣದ ಗ್ರಿಲ್ ಹಾಕಿಸಿ ಒಳಗೆ ಸೇರಿಸಿಕೊಂಡಿದ್ದಾರೆ. ಅಲ್ಲಿಗೆ ಬೇರೆ ಯಾರೂ ಹೋಗಲ್ಲ ಅನ್ನೋದು ಅವರ ವಾದ.

ಯಾರೂ ಹೋಗುವುದಿಲ್ಲ ಎಂದರೆ ಅದು ಅವರದ್ದಾಗುವುದಿಲ್ಲ. ಇಂಥ ಗ್ರಿಲ್ ಕಂಡರೆ ಮೊದಲು ಅದರ ಒಳಗೆ ಏನು ಸಿಕ್ಕಿಕೊಂಡಿದೆ ನೋಡಿ. ಎಷ್ಟೋ ಕಟ್ಟಡಗಳಲ್ಲಿ ಬೆಂಕಿ ನಂದಿಸುವ ಹೋಸ್ ರೀಲ್‌ನ ಕೆಂಪು ಡಬ್ಬಿ, ಎಲೆಕ್ಟ್ರಿಕಲ್ ಶಾಫ್ಟ್‌ನ ಬಾಗಿಲು, ನೀರಿನ ವಾಲ್ವ್ ಇರುವ ಡಕ್ಟ್ (ಪೈಪುಗಳು ಇಳಿಯುವ ಕಿರಿದಾದ ಜಾಗ) ಇವೇ ತುದಿಯಲ್ಲಿರುತ್ತವೆ. ಬೀಗದ ಕೈ ಇರುವ ಮನೆಯವರು ಊರಿಗೆ ಹೋದ ದಿನ ಮೇಲಿನ ಮಹಡಿಯಲ್ಲಿ ಪೈಪ್ ಒಡೆದರೆ ಪ್ಲಂಬರ್ ಹೊರಗೆ ನಿಂತು ನೋಡಬೇಕಾಗುತ್ತದೆ. ಸುರಕ್ಷತೆಗೆ ಧಕ್ಕೆ ತರುವ ಕೆಲಸವನ್ನು ಯಾವ ಮಾಲೀಕರೂ ಉಳಿದ ಎಲ್ಲರ ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ. ಎಲ್ಲರ ಒಪ್ಪಿಗೆ ಎಂದರೆ ಸಭೆಗೆ ಬಂದವರ ಒಪ್ಪಿಗೆಯೂ ಅಲ್ಲ, ಕಾರ್ಯದರ್ಶಿಯ ತಲೆಯಾಡಿಸುವಿಕೆಯೂ ಅಲ್ಲ.

ಹದಿನೈದು ವರ್ಷದಿಂದ ಹೀಗೇ ಇದೆ, ಈಗ ಕೇಳೋಕೆ ನೀವ್ಯಾರು ಅಂತಾರೆ.

ಹನ್ನೆರಡು ವರ್ಷ ಅನುಭವದಲ್ಲಿದ್ದರೆ ಜಾಗ ನಮ್ಮದೇ ಎಂಬ ನಂಬಿಕೆ ಹಳ್ಳಿಯ ಹೊಲದಿಂದ ಸಿಟಿಯ ಫ್ಲ್ಯಾಟಿನವರೆಗೂ ಬಂದಿದೆ. ಆದರೆ ಜಂಟಿ ಮಾಲೀಕರ ನಡುವೆ ಅದು ಸುಲಭಕ್ಕೆ ನಿಲ್ಲದು. ಒಬ್ಬ ಜಂಟಿ ಮಾಲೀಕನ ಸ್ವಾಧೀನವನ್ನು ಎಲ್ಲರ ಪರವಾದ ಸ್ವಾಧೀನ ಎಂದೇ ಕಾನೂನು ಭಾವಿಸುತ್ತದೆ. ಉಳಿದವರ ಹಕ್ಕನ್ನು ಬಹಿರಂಗವಾಗಿ ನಿರಾಕರಿಸಿ ಅವರನ್ನು ಹೊರಗಿಟ್ಟದ್ದು ಸಾಬೀತಾಗಬೇಕು. ಹಾಗಾಗಿ ಸುಮ್ಮನಿರುವುದಕ್ಕಿಂತ ಒಂದು ಪತ್ರದಲ್ಲಿ ಆಕ್ಷೇಪ ದಾಖಲಿಸಿಡುವುದು ಮೇಲು.

ಟೆರೇಸಿಗೆ ಬೀಗ ಹಾಕಿದ್ದಾರೆ. ಮೇಲಿನ ಮಹಡಿಯವರು ಬಿಲ್ಡರ್ ಹತ್ರ ಟೆರೇಸ್ ಹಕ್ಕೂ ಕೊಂಡಿದ್ದೇವೆ ಅಂತಾರೆ.

ಛಾವಣಿ ಕಾಮನ್ ಏರಿಯಾ. ಎಲ್ಲರದ್ದನ್ನು ಒಬ್ಬರಿಗೆ ಮಾರಲು ಬಿಲ್ಡರ್‌ಗೆ ಬರುವುದಿಲ್ಲ. ಮಂಜೂರಾದ ಪ್ಲಾನ್‌ನಲ್ಲಿಯೇ ಅದು ಒಂದು ಮನೆಗೆ ಅಂಟಿದ ಖಾಸಗಿ ಟೆರೇಸ್ ಎಂದು ತೋರಿಸಿ, ಡಿಕ್ಲರೇಷನ್‌ನಲ್ಲೂ ಹಾಗೇ ಬರೆದಿದ್ದರೆ ಮಾತು ಬೇರೆ. ಪೆಂಟ್‌ಹೌಸ್‌ಗಳಲ್ಲಿ ಹೀಗಿರುತ್ತದೆ. ಅವರ ಸೇಲ್ ಡೀಡ್ ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ. ನಿಮ್ಮ ಡೀಡ್, ಡಿಕ್ಲರೇಷನ್, ಮಂಜೂರಾದ ಪ್ಲಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿ.

ಮಕ್ಕಳು ಹತ್ತುತ್ತಾರೆ, ಅನಾಹುತವಾದೀತು ಎಂದು ಸಂಘವೇ ಬೀಗ ಹಾಕಿದ್ದರೆ ಅದು ಬೇರೆ ವಿಷಯ. ಅಂಥ ನಿಯಮ ಮಾಡಬಹುದು, ಆದರೆ ಕೀಲಿ ಸೆಕ್ಯುರಿಟಿ ಬಳಿ ಇರಬೇಕು, ಕೇಳಿದ ಮಾಲೀಕರಿಗೆ ಸಿಗಬೇಕು. ಕೀಲಿ ಕೈಗೆ ಸಿಗದಿದ್ದರೆ, ಬೆಂಕಿ ಬಿದ್ದಾಗ ಜನ ಮೇಲಕ್ಕೂ ಓಡುತ್ತಾರೆ ಎಂಬುದನ್ನು ಮರೆತು ಹಾಕಿದ ಬೀಗ ಅದು.

ಟೆರೇಸಲ್ಲಿ ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸಬಹುದಾ?

ಧಾರಾಳವಾಗಿ. ಬಟ್ಟೆ ಒಣಗಿಸುವ ತಂತಿಯಂತೆ ಇದೂ ಟೆರೇಸಿನ ಸಹಜ ಬಳಕೆ. ಕಲ್ಲು ಹೇರಿ ಚಾಪೆ ಹಾಸುವಾಗ ವಾಟರ್‌ಪ್ರೂಫಿಂಗ್ ಪದರ ಕಿತ್ತು ಬರದ ಹಾಗೆ ನೋಡಿಕೊಳ್ಳಿ.

ಟೆರೇಸಲ್ಲಿ ಸೋಲಾರ್ ಹಾಕಿಸೋಣ ಅಂದ್ರೆ ನಾಲ್ಕು ಮನೆಯವರು ಬೇಡ ಅಂತಾರೆ.

ಒಬ್ಬರು ತಮ್ಮ ಮನೆಗೆ ಮಾತ್ರ ಪ್ಯಾನೆಲ್ ಹಾಕಿಕೊಂಡರೆ ಎಲ್ಲರ ಛಾವಣಿಯನ್ನು ಒಬ್ಬರು ಹಿಡಿದಂತೆ. ಸಂಘದ ಹೆಸರಿನಲ್ಲಿ, ಲಿಫ್ಟ್, ಪಂಪ್, ಕಾಮನ್ ದೀಪಗಳಿಗೆಂದು ಹಾಕಿಸಿದರೆ ಲಾಭ ಎಲ್ಲರಿಗೂ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ವಸತಿ ಸಂಘಗಳ ಕಾಮನ್ ಬಳಕೆಗೆ ಕಿಲೋವ್ಯಾಟ್‌ಗೆ ₹18,000ದಂತೆ, 500 ಕಿಲೋವ್ಯಾಟ್‌ವರೆಗೆ ಸಬ್ಸಿಡಿ ಇದೆ. ಬೇಡ ಅನ್ನುವವರಿಗೆ ಕಳೆದ ವರ್ಷದ ಕಾಮನ್ ಮೀಟರ್ ಬಿಲ್ ತೋರಿಸಿ. ಸಿದ್ಧಾಂತದ ಮೇಲೆ ವಿರೋಧಿಸುವವರು ಕಡಿಮೆ. ಟೆರೇಸ್ ಸೋರೀತು ಎಂಬ ಭಯವೇ ಹೆಚ್ಚು. ಅದಕ್ಕೆ ಗುತ್ತಿಗೆದಾರರಿಂದ ಬರಹದಲ್ಲಿ ಹೊಣೆ ಬರೆಸಿಕೊಳ್ಳಿ.

ಸ್ಟಿಲ್ಟ್ ಪಾರ್ಕಿಂಗ್‌ಗೆ ಬಿಲ್ಡರ್ ಮೂರು ಲಕ್ಷ ತಗೊಂಡ. ಅದು ನನ್ನ ಸ್ವಂತದ್ದೇ ತಾನೆ?

ಎಲ್ಲರಿಗೂ ನೋವು ಕೊಡುವ ಪ್ರಶ್ನೆ ಇದೇ. 2010ರ ಆಗಸ್ಟ್ 31ರಂದು ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸ್ಟಿಲ್ಟ್ ಪಾರ್ಕಿಂಗ್ (ಕಟ್ಟಡದ ಅಡಿಯಲ್ಲಿ ಕಂಬಗಳ ನಡುವಿನ ಜಾಗ) ಗ್ಯಾರೇಜ್ ಅಲ್ಲ, ಕಾಮನ್ ಏರಿಯಾ, ಅದನ್ನು ಪ್ರತ್ಯೇಕವಾಗಿ ಮಾರುವ ಹಕ್ಕು ಬಿಲ್ಡರ್‌ಗಿಲ್ಲ ಎಂದಿತು. ಆ ತೀರ್ಪು ಬಂದದ್ದು ಮಹಾರಾಷ್ಟ್ರದ 1963ರ ಕಾಯ್ದೆಯ ಮೇಲೆ, ಅದನ್ನು ನೆನಪಿಡಿ. ಆದರೆ ನಮ್ಮ 1972ರ ಕಾಯ್ದೆಯ ಪಟ್ಟಿಯಲ್ಲೂ ಪಾರ್ಕಿಂಗ್ ಜಾಗ ಕಾಮನ್ ಎಂದೇ ಇದೆ. ಆಮೇಲೆ ಬಂದ ರೇರಾ, ಓಪನ್ ಪಾರ್ಕಿಂಗ್ ಕಾಮನ್ ಎಂದು ನೇರವಾಗಿ ಹೇಳಿ, ಗ್ಯಾರೇಜ್ ಎಂದರೆ ಛಾವಣಿ ಮತ್ತು ಮೂರು ಕಡೆ ಗೋಡೆ ಇರಬೇಕು ಎಂದು ವಿವರಿಸಿತು. ನಾಲ್ಕು ಕಂಬದ ನಡುವೆ ಬಿಳಿ ಪಟ್ಟೆ ಎಳೆದ ಜಾಗಕ್ಕೆ ಮೂರು ಗೋಡೆ ಎಲ್ಲಿ ಬಂತು?

ಹಾಗಾದರೆ ಕೊಟ್ಟ ದುಡ್ಡು ನೀರಿಗೆ ಹೋಯಿತೇ? ಪೂರ್ತಿ ಹಾಗಲ್ಲ. ಆ ಜಾಗದಲ್ಲಿ ನಿಮ್ಮ ಕಾರು ನಿಲ್ಲಿಸುವ ಬಳಕೆಯ ಹಕ್ಕು ಹಂಚಿಕೆಯ ಮೂಲಕ ಬಂದಿರುತ್ತದೆ, ಸಂಘಗಳು ಅದನ್ನು ಗೌರವಿಸುತ್ತವೆ, ಗೌರವಿಸಲೇಬೇಕು ಎಂದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಶಟರ್ ಹಾಕಿಸಿ ಗೋದಾಮು ಮಾಡುವುದು, ಮನೆ ಬೇರೆಯವರಿಗೆ, ಪಾರ್ಕಿಂಗ್ ಇನ್ನೊಬ್ಬರಿಗೆ ಎಂದು ಮಾರುವುದು, ಪಕ್ಕದ ಬೀದಿಯ ಅಂಗಡಿಯವರಿಗೆ ತಿಂಗಳ ಬಾಡಿಗೆಗೆ ಕೊಡುವುದು ಇವು ನಿಲ್ಲುವುದಿಲ್ಲ. ಬಿಲ್ಡರ್ ಕೊಟ್ಟ ರಸೀದಿಯಲ್ಲಿ ಪಾರ್ಕಿಂಗ್ ಮಾರಾಟ ಎಂದಿದೆಯೋ ಹಂಚಿಕೆ ಎಂದಿದೆಯೋ ನೋಡಿ. ಬಹಳ ಜನ ಆ ಕಾಗದವನ್ನು ಮನೆಗೆ ಬಂದ ವಾರದಲ್ಲೇ ಕಳೆದುಕೊಂಡಿರುತ್ತಾರೆ.

ವಿಸಿಟರ್ಸ್ ಪಾರ್ಕಿಂಗ್‌ನಲ್ಲಿ ಎರಡನೇ ಕಾರು ನಿಲ್ಲಿಸೋರಿಗೆ ಏನು ಮಾಡೋದು?

ಪ್ಲಾನ್‌ನಲ್ಲಿ ಸಂದರ್ಶಕರಿಗೆ ಎಂದು ಗುರುತಿಸಿದ ಜಾಗ ಸಂದರ್ಶಕರಿಗೇ. ಸಾಮಾನ್ಯ ಸಭೆಯಲ್ಲಿ ನಿಯಮ ಮಾಡಿ, ದಂಡ ನಿಗದಿ ಮಾಡಿ, ಸಂಘದ ನಿಯಮಾವಳಿಯಾದ ಬೈಲಾದಲ್ಲಿ ಸೇರಿಸಿ. ಚಕ್ರದ ಗಾಳಿ ಬಿಡುವುದು, ಚೈನ್ ಹಾಕುವುದು ಬೇಡ. ಆಮೇಲೆ ತಪ್ಪು ನಿಮ್ಮ ಮೇಲೆ ಬರುತ್ತದೆ.

ನನ್ನ ಪಾರ್ಕಿಂಗ್ ಜಾಗದಲ್ಲಿ ಇವಿ ಚಾರ್ಜರ್ ಹಾಕಿಸೋಕೆ ಕಮಿಟಿ ಬಿಡ್ತಿಲ್ಲ.

ಕೇಂದ್ರ ಇಂಧನ ಸಚಿವಾಲಯದ 2024ರ ಮಾರ್ಗಸೂಚಿ ಮನೆಯ ಈಗಿನ ಕನೆಕ್ಷನ್ನಿನಿಂದಲೇ ವಾಹನ ಚಾರ್ಜ್ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಸುಮ್ಮನೆ ಬೇಡ ಎನ್ನುವ ಅಧಿಕಾರ ಕಮಿಟಿಗಿಲ್ಲ, ಆದರೆ ಹೇಗೆ ಎಂಬುದನ್ನು ಕೇಳುವ ಹಕ್ಕು ಖಂಡಿತ ಇದೆ. ನಿಮ್ಮ ಮೀಟರಿನಿಂದ ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ, ಹೆಚ್ಚು ಕರೆಂಟ್ ಹರಿದಾಗ ತಾನೇ ಆಫ್ ಆಗುವ ಸ್ವಿಚ್ (ಎಂಸಿಬಿ) ಎಷ್ಟರದ್ದು, ಅರ್ಥಿಂಗ್ ಇದೆಯೇ, ಲೋಡ್ ಸಾಲುತ್ತದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿ ಹಿಡಿದು ಹೋಗಿ. ಕಾಮನ್ ಲೈನಿನ ಪ್ಲಗ್‌ಗೆ ಸ್ಕೂಟರ್ ಸಿಕ್ಕಿಸುವವರಿಂದಾಗಿಯೇ ಕಮಿಟಿಗಳು ಗಟ್ಟಿಯಾಗಿವೆ, ಅದೂ ನಿಜ.

ಮೇಲಿನ ಮನೆಯ ಬಾತ್‌ರೂಮಿಂದ ನಮ್ಮ ಸೀಲಿಂಗಿಗೆ ನೀರು ಇಳಿಯುತ್ತಿದೆ. ರಿಪೇರಿ ಖರ್ಚು ಯಾರದ್ದು?

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ಟೈಲ್ಸ್ ಒಡೆಯುವ ಮೊದಲು ಮಾಡಬಹುದಾದ ಪರೀಕ್ಷೆ ಇದೆ. ರಾತ್ರಿ ಮಲಗುವಾಗ ಮೇಲಿನ ಮನೆಯ ಬಾತ್‌ರೂಮಿನ ವಾಲ್ವ್ ಮುಚ್ಚಿಸಿ. ಬೆಳಿಗ್ಗೆಗೆ ತೊಟ್ಟಿಕ್ಕುವುದು ನಿಂತಿದ್ದರೆ ತಪ್ಪು ಗೋಡೆಯೊಳಗಿನ ನೀರಿನ ಪೈಪಿನದು. ನಿಲ್ಲದಿದ್ದರೆ ನೆಲದ ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದಂಗುಲ ನೀರು ನಿಲ್ಲಿಸಿ, ಅದಕ್ಕೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ ಒಂದು ದಿನ ಬಿಡಿ. ಕೆಳಗಿನ ಸೀಲಿಂಗಿನಲ್ಲಿ ನೀಲಿ ಛಾಯೆ ಕಂಡರೆ ವಾಟರ್‌ಪ್ರೂಫಿಂಗ್ ಅಥವಾ ಟ್ರ್ಯಾಪಿನ ಸುತ್ತಲಿನ ಜಾಯಿಂಟ್ ಹೋಗಿದೆ. ಎರಡೂ ಅಲ್ಲ, ಇನ್ನೂ ಮೇಲಿನ ಮಹಡಿಯವರು ಸ್ನಾನ ಮಾಡುವಾಗ ಮಾತ್ರ ಒದ್ದೆಯಾಗುತ್ತದೆ ಎಂದರೆ ಡಕ್ಟಿನಲ್ಲಿ ಇಳಿದಿರುವ ದೊಡ್ಡ ಪೈಪನ್ನು ನೋಡಬೇಕು. ಗೋಡೆ ಮಳೆ ಬಂದಾಗ ಮಾತ್ರ ನೆನೆಯುತ್ತಿದ್ದರೆ ಹೊರಗೋಡೆಯ ಬಿರುಕು.

ಖರ್ಚಿನ ಲೆಕ್ಕ ಇದರಿಂದಲೇ ಬರುತ್ತದೆ. ಮೇಲಿನ ಮನೆಯೊಳಗಿನ ಪೈಪು, ಟ್ರ್ಯಾಪು, ನೆಲ ಅವರ ಹೊಣೆ. ಡಕ್ಟಿನ ಮುಖ್ಯ ಪೈಪು, ಹೊರಗೋಡೆ, ಟೆರೇಸ್ ಸಂಘದ ಹೊಣೆ. ಅಪರೂಪಕ್ಕೆ ಎರಡೂ ಸೇರಿರುತ್ತವೆ, ಆಗ ಜಗಳವಾಡುವ ಬದಲು ಅರ್ಧ ಅರ್ಧ ಹಾಕಿದ ಕಟ್ಟಡಗಳೇ ಹೆಚ್ಚು.

ಮೇಲಿನವರು ಬಾಗಿಲೇ ತೆಗೆಯುವುದಿಲ್ಲವೇ? ಕಾಮನ್ ಭಾಗಗಳ ರಿಪೇರಿಗೆ, ಇನ್ನೊಂದು ಮನೆಗೆ ಆಗುವ ಹಾನಿ ತಡೆಯುವ ತುರ್ತು ಕೆಲಸಕ್ಕೆ ಮನೆಯೊಳಗೆ ಬರುವ ಹಕ್ಕನ್ನು ಕಾಯ್ದೆ ಕೊಟ್ಟಿದೆ. ಹಕ್ಕು ಸಂಘದ ಮೂಲಕ, ನಿಮಗೆ ನೇರವಾಗಿ ಅಲ್ಲ. ಕಟ್ಟಡಕ್ಕೆ ಸ್ವಾಧೀನ ಕೊಟ್ಟು ಐದು ವರ್ಷ ಆಗಿಲ್ಲದಿದ್ದರೆ ಮೊದಲು ಬಿಲ್ಡರ್‌ಗೆ ಬರೆಯಿರಿ. ರೇರಾ ಪ್ರಕಾರ ಕಟ್ಟಡದ ರಚನೆ ಮತ್ತು ಕೆಲಸದ ದೋಷಗಳನ್ನು 30 ದಿನದೊಳಗೆ ಪುಕ್ಕಟೆ ಸರಿಪಡಿಸಿಕೊಡಬೇಕು.

ಲಿಫ್ಟಿನಲ್ಲಿ ನಾಯಿ ತರಬಾರದು ಅಂತ ಬೋರ್ಡ್ ಹಾಕಬಹುದಾ?

ಆಗದು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಸಾಕುನಾಯಿ ನಿಷೇಧಿಸುವ, ಲಿಫ್ಟ್ ಬಳಸದಂತೆ ತಡೆಯುವ ನಿಯಮ ಮಾಡುವಂತಿಲ್ಲ. ಬಹುಮತದಿಂದ ಪಾಸು ಮಾಡಿದರೂ ಅಷ್ಟೆ. ಆದರೆ ನಾಯಿಯ ಹೇಸಿಗೆ ಎತ್ತುವುದು ಯಜಮಾನರ ಕೆಲಸ, ಹೆದರುವ ಮಗುವೋ ಅಜ್ಜಿಯೋ ಲಿಫ್ಟಿನಲ್ಲಿದ್ದರೆ ಮುಂದಿನ ಲಿಫ್ಟಿಗೆ ಕಾಯುವುದೂ ಅವರದ್ದೇ. ಬೀದಿನಾಯಿಗೆ ಅನ್ನ ಹಾಕುವ ಜಾಗ ಗೊತ್ತು ಮಾಡುವುದಕ್ಕೆ 2023ರ ನಿಯಮಗಳಿವೆ: ಮಕ್ಕಳು ಆಡುವಲ್ಲಿ, ಮೆಟ್ಟಿಲ ಬಳಿ, ಗೇಟಿನ ಹತ್ತಿರ ಬೇಡ.

ಮನೆಕೆಲಸದವರು, ಡೆಲಿವರಿ ಹುಡುಗರು ಈ ಲಿಫ್ಟ್ ಬಳಸಬಾರದು ಅನ್ನೋ ಬೋರ್ಡು?

ಸಾಮಾನು ಸಾಗಿಸಲು ಸರ್ವಿಸ್ ಲಿಫ್ಟ್ ಬಳಸಿ ಎನ್ನುವುದು ವ್ಯವಸ್ಥೆ. ಒಬ್ಬ ಹೆಂಗಸು ಪಾತ್ರೆ ತೊಳೆಯಲು ಬರುತ್ತಾಳೆ ಎಂಬ ಕಾರಣಕ್ಕೆ ಹತ್ತು ಮಹಡಿ ಹತ್ತಿಸುವುದು ಬೇರೆಯೇ. ಅಂಥ ಬೋರ್ಡು ನಿಮ್ಮ ಕಟ್ಟಡದಲ್ಲಿದ್ದರೆ ಮುಂದಿನ ಸಭೆಯಲ್ಲಿ ಎದ್ದು ನಿಂತು ತೆಗೆಸಿ.

ನಾವು ಬಾಡಿಗೆಗೆ ಇದ್ದೇವೆ. ಕ್ಲಬ್‌ಹೌಸ್, ಜಿಮ್ ಓನರ್‌ಗಳಿಗೆ ಮಾತ್ರ ಅಂತಾರೆ.

ಮಾಲೀಕರು ಆ ಮನೆಯ ಜೊತೆಗಿನ ಬಳಕೆಯನ್ನೂ ನಿಮಗೆ ಬಾಡಿಗೆಗೆ ಕೊಟ್ಟಿದ್ದಾರೆ. ಮೇಂಟೆನೆನ್ಸ್ ನಿಮ್ಮ ಜೇಬಿನಿಂದ ಹೋಗುತ್ತಿರುವಾಗ ಜಿಮ್ಮಿಗೆ ಮಾತ್ರ ಬೀಗ ಹಾಕುವುದು ನ್ಯಾಯವಲ್ಲ. ಸಭೆಯಲ್ಲಿ ಮತ ಹಾಕುವ ಹಕ್ಕು ಬೇರೆ, ಅದು ಮಾಲೀಕರದ್ದು. ಕರಾರುಪತ್ರದಲ್ಲಿ ಪಾರ್ಕಿಂಗ್ ನಂಬರ್ ಸಮೇತ ಯಾವ ಯಾವ ಸೌಲಭ್ಯ ಎಂದು ಬರೆಸಿಕೊಳ್ಳಿ. ಮದುವೆಯಾಗದವರು, ಇಂಥ ಜಾತಿಯವರು ಎಂದು ತೊಂದರೆ ಕೊಟ್ಟರೆ ನಿಮ್ಮ ಓನರನ್ನು ಮುಂದಿಟ್ಟುಕೊಂಡೇ ಲಿಖಿತವಾಗಿ ಕಾರಣ ಕೇಳಿ. ಹೆಚ್ಚಿನ ಕಮಿಟಿಗಳು ಕಾರಣವನ್ನು ಬರೆದು ಕೊಡುವ ಧೈರ್ಯ ಮಾಡುವುದಿಲ್ಲ.

ನಮ್ಮದು ಗ್ರೌಂಡ್ ಫ್ಲೋರ್. ಲಿಫ್ಟ್ ಮುಟ್ಟೋದೇ ಇಲ್ಲ. ಅದರ ದುಡ್ಡು ಯಾಕೆ ಕೊಡಬೇಕು?

ಕೊಡಬೇಕು. ಕಾಮನ್ ಸೌಲಭ್ಯ ಬಳಸುವುದಿಲ್ಲ ಎಂದಾಗಲಿ, ಮನೆ ಖಾಲಿ ಬಿಟ್ಟಿದ್ದೇನೆ ಎಂದಾಗಲಿ ಹೇಳಿ ಖರ್ಚಿನಿಂದ ತಪ್ಪಿಸಿಕೊಳ್ಳಲು ಕಾಯ್ದೆ ಬಿಡುವುದಿಲ್ಲ. ಬಿಲ್ಡರ್ ಬಳಿ ಮಾರಾಟವಾಗದೆ ಉಳಿದ ಮನೆಗಳಿಗೂ ಇದೇ ನಿಯಮ, ಅವರ ಬಳಿ ಕೇಳಲು ಸಂಘಗಳು ಹಿಂಜರಿಯುತ್ತವೆ ಅಷ್ಟೆ. ಕಾಮನ್ ಖರ್ಚು ಯುಡಿಎಸ್ ಪಾಲಿನ ಪ್ರಕಾರ ಹಂಚಬೇಕು ಎನ್ನುತ್ತದೆ ಕಾಯ್ದೆ. ಅಂದರೆ ದೊಡ್ಡ ಮನೆಗೆ ಹೆಚ್ಚು. ಟೆರೇಸಿನ ಮೊಬೈಲ್ ಟವರ್ ಬಾಡಿಗೆಯಂಥ ಆದಾಯ ಬಂದರೆ ಅದೂ ಅದೇ ಲೆಕ್ಕದಲ್ಲಿ ಹಂಚಿಕೆಯಾಗಬೇಕು. ದೊಡ್ಡ ಮನೆಯವರು ಈ ಎರಡನೇ ಭಾಗವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ.

ಮೇಂಟೆನೆನ್ಸ್ ಕಟ್ಟದವರ ನೀರು, ಕರೆಂಟ್ ಕಡಿಯಬಹುದಾ?

ಕಡಿಯಬೇಡಿ. ನೀರಿಲ್ಲದ ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ. ವಿಷಯ ಪೊಲೀಸ್ ಠಾಣೆಗೆ ಹೋದರೆ ಬಾಕಿದಾರರೇ ಬಡಪಾಯಿಗಳಾಗಿ ಕಾಣುತ್ತಾರೆ. ಬಾಕಿ ಮೊತ್ತ ಆ ಮನೆಯ ಮೇಲಿನ ಋಣಭಾರವಾಗಿ ಕೂರುತ್ತದೆ. ನೋಟಿಸ್ ಕೊಟ್ಟು ವಸೂಲಿಗೆ ಹೋಗಿ, ಮಾರಾಟದ ಸಮಯಕ್ಕೆ ಬಾಕಿ ಇಲ್ಲವೆಂಬ ಪತ್ರ ಹಿಡಿದಿಡಿ.

ಪಾರ್ಕಿಂಗ್‌ನಲ್ಲಿ ಕಾಮನ್ ನಲ್ಲಿಯಿಂದ ಕಾರು ತೊಳೀತಾರೆ.

2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನು ನಿಷೇಧಿಸಿ ₹5,000 ದಂಡ ಇಟ್ಟಿತ್ತು. ನಿಮ್ಮಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಇದ್ದರೆ ಅದರ ನೀರಿಗೆ ಪ್ರತ್ಯೇಕ ನಲ್ಲಿ ಹಾಕಿಸಿ, ಉಳಿದದ್ದಕ್ಕೆ ಬೀಗ.

ಗಣೇಶನ ಹಬ್ಬ, ಬರ್ತ್‌ಡೇ ಪಾರ್ಟಿ ಅಂತ ಕಾಮನ್ ಹಾಲ್‌ನಲ್ಲಿ ಮಧ್ಯರಾತ್ರಿವರೆಗೂ ಸದ್ದು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ 2000ದ ಶಬ್ದ ಮಾಲಿನ್ಯ ನಿಯಮಗಳು ತಡೆ ಹಾಕಿವೆ. ಮೊದಲು ಮಾತಾಡಿ. ಕೇಳದಿದ್ದರೆ 112.

ಬಿಲ್ಡರ್ ಇನ್ನೂ ಕಾಮನ್ ಏರಿಯಾ ಹಸ್ತಾಂತರ ಮಾಡಿಲ್ಲ. ಖಾಲಿ ಜಾಗದಲ್ಲಿ ಇನ್ನೊಂದು ಬ್ಲಾಕ್ ಕಟ್ಟೋಕೆ ಹೊರಟಿದ್ದಾನೆ.

ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ಹೋಗಬೇಕಾದದ್ದು ಇಂಥ ದೂರಿಗೇ. ಮಂಜೂರಾದ ಪ್ಲಾನನ್ನೂ ಕಾಮನ್ ಏರಿಯಾವನ್ನೂ ಬದಲಿಸಲು ಕನಿಷ್ಠ ಮೂರನೇ ಎರಡು ಭಾಗ ಖರೀದಿದಾರರ ಮುಂಚಿತ ಲಿಖಿತ ಒಪ್ಪಿಗೆ ಬೇಕು. ಕಟ್ಟಡ ಪೂರ್ತಿಯಾಗಿದೆ ಎಂಬ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ 30 ದಿನದೊಳಗೆ ಪ್ಲಾನ್ ಮತ್ತಿತರ ದಾಖಲೆಗಳನ್ನು ಸಂಘಕ್ಕೆ ಕೊಡಬೇಕು. ಬುಕಿಂಗ್ ಸಮಯದಲ್ಲಿ ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಒಂದು ಸಾಲು, ಮುಂದೆ ಯಾವ ಬದಲಾವಣೆಗೂ ನನ್ನ ಒಪ್ಪಿಗೆ ಇದೆ ಎಂಬ ಅರ್ಥದ್ದು, ಅಡಗಿರಬಹುದು. ಅದನ್ನು ಹುಡುಕಿಟ್ಟುಕೊಂಡೇ ವಕೀಲರ ಬಳಿ ಹೋಗಿ.

ಪಕ್ಕದ ಮನೆಯವರ ಮೇಲೆ ದೂರು ಎಲ್ಲಿ ಕೊಡೋದು?

ರೇರಾ ನೆರೆಹೊರೆಯವರ ಜಗಳ ಬಿಡಿಸುವುದಿಲ್ಲ. ಮೊದಲ ಪತ್ರ ಸಂಘಕ್ಕೆ. ಸಂಘ ಯಾವ ಕಾಯ್ದೆಯಡಿ ನೋಂದಣಿಯಾಗಿದೆ ಎಂದು ಕೇಳಿ. ಬೆಂಗಳೂರಿನ ಎಷ್ಟೋ ಸಂಘಗಳು 1960ರ ಸೊಸೈಟಿ ಕಾಯ್ದೆಯಡಿ ಇವೆ, ಬರೀ ವಾಸದ ಮನೆಗಳಿರುವ ಕಟ್ಟಡಕ್ಕೆ 1972ರ ಕಾಯ್ದೆಯೇ ಸರಿಯಾದದ್ದು. 1972ರ ಕಾಯ್ದೆಯಡಿ ಇದ್ದರೆ ಸಕ್ಷಮ ಪ್ರಾಧಿಕಾರಿ ಸಹಕಾರ ಸಂಘಗಳ ರಿಜಿಸ್ಟ್ರಾರ್. ಪ್ಲಾನ್ ಮೀರಿ ಕಟ್ಟಿದ್ದರೆ ನಿಮ್ಮ ವಲಯದ ಪಾಲಿಕೆ. 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳಾಗಿರುವುದರಿಂದ ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ. ಇವೆಲ್ಲ ಫಲ ಕೊಡದಿದ್ದರೆ ಸಿವಿಲ್ ಕೋರ್ಟು, ಅಲ್ಲಿ ವರ್ಷಗಳೇ ಹಿಡಿಯುತ್ತವೆ.

ಡಿಕ್ಲರೇಷನ್, ಪ್ಲಾನ್ ನಮ್ಮ ಹತ್ರ ಇಲ್ಲ. ಎಲ್ಲಿ ಸಿಗುತ್ತೆ?

ಡಿಕ್ಲರೇಷನ್ ಡೀಡ್ ನೋಂದಣಿಯಾಗಿರುವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದರ ದೃಢೀಕೃತ ನಕಲು ಸಿಗುತ್ತದೆ. ರೇರಾ ನೋಂದಣಿ ಇರುವ ಕಟ್ಟಡವಾದರೆ ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಯೋಜನೆಯ ಹೆಸರು ಹಾಕಿ ಪ್ಲಾನ್ ಇಳಿಸಿಕೊಳ್ಳಬಹುದು. ಹಳೆಯ ಕಟ್ಟಡಕ್ಕೆ ಪ್ಲಾನ್ ಮಂಜೂರು ಮಾಡಿದ ಕಚೇರಿಗೆ ಮಾಹಿತಿ ಹಕ್ಕಿನಡಿ ₹10 ಶುಲ್ಕದೊಂದಿಗೆ ಅರ್ಜಿ ಹಾಕಿ. ಅರ್ಜಿಯಲ್ಲಿ ಬರೀ ಕಟ್ಟಡದ ಹೆಸರು ಬರೆದರೆ ಸಿಗಲಿಲ್ಲ ಎಂಬ ಉತ್ತರ ಬರುವ ಸಂಭವವೇ ಹೆಚ್ಚು; ಸೇಲ್ ಡೀಡ್‌ನ ಶೆಡ್ಯೂಲ್‌ನಲ್ಲಿರುವ ಸರ್ವೆ ನಂಬರ್, ಖಾತೆ ನಂಬರ್ ಮತ್ತು ಲೈಸೆನ್ಸ್ ಪ್ಲಾನ್ ನಂಬರನ್ನು ಹಾಗೆಯೇ ಎತ್ತಿ ಬರೆಯಿರಿ.